ಸೊರಗದೆ ನಿಂತ ರಸಬಾಳೆ ಕಂಡವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಮಣ್ಣಿನ ಶಿಲೀಂಧ್ರದಿಂದ ಬಾಳೆಗೆ ಬರುವ ಪನಾಮ ಸೊರಗು ರೋಗ ಹೊಕ್ಕ ರಸಬಾಳೆ ತೋಟದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಹಸಿರಾಗೇ ನಿಂತಿದ್ದರೆ ಫೋಟೊ ಹಾಕಿ. ಆದರೆ ಅದರ ಮರಿ ಕಿತ್ತು ಯಾರಿಗೂ ಕೊಡಬೇಡಿ. ಈ ಶಿಲೀಂಧ್ರ ಮರಿಯ ಜೊತೆ ಹೋಗುತ್ತದೆ, ಗುದ್ದಲಿಗೆ ಮೆತ್ತಿದ ಮಣ್ಣಲ್ಲೂ ಹೋಗುತ್ತದೆ. ಒಮ್ಮೆ ಬಂದರೆ ದಶಕಗಟ್ಟಲೆ ನೆಲದಲ್ಲೇ ಉಳಿಯುತ್ತದೆ.

ಉಳಿದ ಗಿಡಕ್ಕೆಲ್ಲ ರೋಗನಿರೋಧಕ ಶಕ್ತಿ ಇದೆ ಎಂದಲ್ಲ. ಎಷ್ಟೋ ಸಲ ಅದರ ಬೇರಿಗೆ ರೋಗ ಇನ್ನೂ ತಾಗಿರುವುದಿಲ್ಲ, ಅಷ್ಟೇ. ಅದಕ್ಕೇ ವಿಜ್ಞಾನಿಗಳು ಸಸಿಯನ್ನು ಕುಂಡದಲ್ಲಿ ನೆಟ್ಟು, ಬೇಕೆಂದೇ ರೋಗ ತಾಗಿಸಿ, ಕೆಲವು ವಾರ ಬಿಟ್ಟು ಗಡ್ಡೆ ಸೀಳಿ ಒಳಗೆ ಎಷ್ಟು ಬಣ್ಣಗೆಟ್ಟಿದೆ ನೋಡುತ್ತಾರೆ. ಬರೀ ಎಲೆ ನೋಡಿ ನಂಬುವಂತಿಲ್ಲ.

‘ಜಿ-9ಗೆ ಸೊರಗು ಬರಲ್ಲ’ ಎಂದು ಈ ಗ್ರೂಪಿನಲ್ಲಿ ಓಡಾಡುತ್ತಿರುವ ಸಂದೇಶ ಅರ್ಧ ಸತ್ಯ. ಜಿ-9 ಎಂದರೆ ಕ್ಯಾವೆಂಡಿಶ್ ಗುಂಪಿನ ಒಂದು ಬಾಳೆ ತಳಿ. ಈ ಶಿಲೀಂಧ್ರದಲ್ಲಿ ಹಲವು ಬಗೆಗಳಿವೆ; ರಸಬಾಳೆ, ಏಲಕ್ಕಿಬಾಳೆಗೆ ಬರುವ ರೇಸ್ 1 ಎಂಬ ಬಗೆಯನ್ನು ಅದು ತಡೆದುಕೊಳ್ಳುತ್ತದೆ. ಬಿಹಾರ, ಉತ್ತರ ಪ್ರದೇಶದಲ್ಲಿ ಕಾಣಿಸಿಕೊಂಡ ಟಿಆರ್4 ಎಂಬ ಇನ್ನೊಂದು ಬಗೆ ಬಂದರೆ ಜಿ-9 ಕೂಡ ಹೋಯಿತು. ಟಿಆರ್4 ತಡೆಯುವ ಆರ್‌ಜಿಎ2 ಜೀನ್ ಸಿಕ್ಕಿದ್ದು ಆಗ್ನೇಯ ಏಷ್ಯಾದ, ಹಣ್ಣಿನ ತುಂಬ ಬೀಜವಿರುವ ಒಂದು ಕಾಡುಬಾಳೆಯಲ್ಲಿ. ಅದನ್ನು ಸೇರಿಸಿದ ಕ್ಯಾವೆಂಡಿಶ್ ತಳಿಗೆ ಆಸ್ಟ್ರೇಲಿಯಾ 2024ರಲ್ಲಿ ಅನುಮತಿ ಕೊಟ್ಟಿತು. ನಾವು ತಿನ್ನುವ ಬಾಳೆಯಲ್ಲಿ ಬೀಜವೇ ಕಟ್ಟದ್ದರಿಂದ ಇಂಥ ಗುಣವನ್ನು ಮಾಮೂಲಿ ಸಂಕರಣದಿಂದ ತರುವುದು ಬಹಳ ನಿಧಾನದ ಕೆಲಸ.

ಫೋಟೊದಲ್ಲಿ ಇಡೀ ಗಿಡವೂ ದಿಂಡಿನ ಬುಡವೂ ಕಾಣಲಿ, ಸುತ್ತ ಸತ್ತ ಗಿಡಗಳಿದ್ದರೆ ಅವೂ ಇರಲಿ. ಈ ವಾರ ಶುಭೋದಯದ ಚಿತ್ರಗಳಿಗೆ ಸ್ವಲ್ಪ ರಜೆ ಕೊಡಿ, ತೋಟದ ಫೋಟೊಗಳು ಮೇಲೆ ಹೋಗಿ ಸಿಗದಂತಾಗುತ್ತವೆ.