ಗಾಣದ ಸಾಲ ತೀರಿದ ಸಂದರ್ಭದಲ್ಲಿ ಕೆಲವರಿಗೆ ಕೃತಜ್ಞತೆ

ಚಳ್ಳಕೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ ನಡೆಯುತ್ತಿರುವ ಶೇಂಗಾ ಎಣ್ಣೆಯ ಗಾಣಕ್ಕೆ ಸರ್ಕಾರದ ಸಹಾಯಧನ ಈ ತಿಂಗಳು ಸಾಲದ ಖಾತೆಗೆ ಜಮೆಯಾಗಿದ್ದು, ಉಳಿದ ಬಾಕಿಯನ್ನೂ ಕಟ್ಟಿ ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆದಿದ್ದೇನೆ. ಘಟಕ ನನ್ನ ಹೆಸರಿನಲ್ಲಿದ್ದರೂ ಅದನ್ನು ನಡೆಸಿಕೊಂಡು ಬಂದವರು ನಮ್ಮ ಸ್ವಸಹಾಯ ಸಂಘದ ಹೆಣ್ಣುಮಕ್ಕಳಾದ್ದರಿಂದ ಅವರೆಲ್ಲರ ಪರವಾಗಿ ಇದನ್ನು ಬರೆಯುತ್ತಿದ್ದೇನೆ.

ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳಿಗಾಗಿ 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಚಿತ್ರದುರ್ಗ ಜಿಲ್ಲೆಗೆ ಶೇಂಗಾ, ನೆರೆಯ ದಾವಣಗೆರೆಗೆ ಸಿರಿಧಾನ್ಯ ಗೊತ್ತುಪಡಿಸಿದ ಉತ್ಪನ್ನಗಳು. ಯೋಜನೆಯ ಶೇ 35ರ ಸಹಾಯಧನಕ್ಕೆ ರಾಜ್ಯ ಸರ್ಕಾರ ಇನ್ನೂ ಶೇ 15 ಸೇರಿಸುವುದರಿಂದ ಅರ್ಧದಷ್ಟು ವೆಚ್ಚಕ್ಕೆ ನೆರವು ಸಿಗುತ್ತದೆ. ಆದರೆ ಆ ಹಣ ನಮ್ಮ ಕೈಗೆ ಬರುವುದಿಲ್ಲ. ಅದು ಸಾಲ ಕೊಟ್ಟ ಬ್ಯಾಂಕಿನಲ್ಲಿಯೇ ಪ್ರತ್ಯೇಕವಾಗಿ ಉಳಿದು, ಸಾಲದ ಕೊನೆಯ ಕಂತು ಬಿಡುಗಡೆಯಾಗಿ ಮೂರು ವರ್ಷ ಕಳೆದ ಮೇಲೆ, ಖಾತೆ ಸುಸ್ತಿಯಾಗದೆ ಘಟಕವೂ ನಡೆಯುತ್ತಿದ್ದರೆ ಮಾತ್ರ ಸಾಲಕ್ಕೆ ವಜಾ ಆಗುತ್ತದೆ. ಮೊದಮೊದಲು ಇದು ಕಿರಿಕಿರಿ ಎನಿಸಿತ್ತು. ಈಗ ಕೇಳಿದರೆ ಈ ಕಟ್ಟಳೆ ಸರಿಯಾಗಿದೆ ಎಂದೇ ಹೇಳುತ್ತೇನೆ, ಏಕೆಂದರೆ ಸಹಾಯಧನಕ್ಕಾಗಿಯೇ ಯಂತ್ರ ತಂದು ಮೂಲೆಗೆ ಸೇರಿಸುವವರಿಗೆ ಇದರಲ್ಲಿ ಜಾಗವಿಲ್ಲ.

ಮೊದಲ ವಂದನೆ ಈ ಯೋಜನೆಯಲ್ಲಿ ಅರ್ಜಿದಾರರಿಗೆ ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿಗೆ. ಯಂತ್ರದ ಕೊಟೇಶನ್ ತರಿಸುವುದರಿಂದ ಹಿಡಿದು ಯೋಜನಾ ವರದಿ, ಆಹಾರ ಸುರಕ್ಷತಾ ಪರವಾನಗಿಯವರೆಗೆ ಎಲ್ಲವನ್ನೂ ಅವರು ನಮ್ಮ ಜಗಲಿಯ ಮೇಲೆ ಕುಳಿತೇ ಮಾಡಿಸಿದರು. ಸಣ್ಣ ಉದ್ದಿಮೆಗಳಿಗಾಗಿ ಇರುವ ಸರ್ಕಾರದ ಉದ್ಯಮ್ ನೋಂದಣಿ ಸಂಪೂರ್ಣ ಉಚಿತ ಎಂಬುದೂ ನಮಗೆ ಅವರಿಂದಲೇ ತಿಳಿಯಿತು. ಅದಕ್ಕೂ ಮುಂಚೆ ಮಧ್ಯವರ್ತಿಯೊಬ್ಬರು ಅದಕ್ಕೆಂದೇ ನಮ್ಮಿಂದ ಹಣ ಕೇಳಿದ್ದರು. ಇಂತಹ ಯೋಜನೆಗಳ ಬಗ್ಗೆ ಬರೆಯುವವರು ಸಹಾಯಧನದ ಮೊತ್ತವನ್ನೇ ದೊಡ್ಡದು ಮಾಡುತ್ತಾರೆ. ನನ್ನ ಅನುಭವದಲ್ಲಿ ಅರ್ಜಿಯ ಜೊತೆಗೆ ಮನೆಬಾಗಿಲಿಗೆ ಬರುವ ಒಬ್ಬ ಮನುಷ್ಯ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾನೆ.

ಸಂಘದ ಒಕ್ಕೂಟದ ಮೂಲಕ ದೊರೆತ ಬೀಜಧನ, ಅಂದರೆ ಪ್ರತಿ ಸದಸ್ಯೆಗೆ 40,000 ರೂಪಾಯಿವರೆಗಿನ ನೆರವು, ಶೇಂಗಾ ಕಾಯಿ ಖರೀದಿಗೆ ಒದಗಿತು. 2023ರ ಬರದಲ್ಲಿ ಶೇಂಗಾ ಹೊಲದಲ್ಲೇ ಒಣಗಿದಾಗ, ಹಿಂದಿನ ವರ್ಷದ ದಾಸ್ತಾನು ಮುಗಿದ ಮೇಲೆ ಗಾಣ ನಿಲ್ಲದಂತೆ ನೋಡಿಕೊಂಡವರು ಕೊಬ್ಬರಿ, ಎಳ್ಳು, ಹುಚ್ಚೆಳ್ಳು ತಂದು ಕೂಲಿಗೆ ಆಡಿಸಿಕೊಂಡು ಹೋದ ಸುತ್ತಲಿನ ಊರುಗಳ ಜನ. ಹೊಸದುರ್ಗದ ಕಡೆಯಿಂದಲೂ ಕೊಬ್ಬರಿ ಹೊತ್ತು ಬಂದವರಿದ್ದರು. ಆ ವರ್ಷದ ಕಂತುಗಳನ್ನು ಕಟ್ಟಿದ್ದು ಆ ಕೂಲಿಯಿಂದ.

ಬೀಜ ಆರಿಸುವ ನಮ್ಮ ಹಿರಿಯ ಸದಸ್ಯೆಯರ ಬಗ್ಗೆ ಬರೆಯದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕಿಲೋ ಬೀಜ ಬೇಕು, ಮತ್ತು ಬೂಷ್ಟು ಹಿಡಿದ ಕಾಳು ಅದರಲ್ಲಿ ಸೇರಿದರೆ ಅಫ್ಲಾಟಾಕ್ಸಿನ್ ಎಂಬ ವಿಷದ ಭಯವಿರುತ್ತದೆ. ಮೊರದಲ್ಲಿ ಕೇರಿ, ಬಣ್ಣ ಕಂದಿದ ಕಾಳನ್ನು ಬೆರಳ ತುದಿಯಿಂದ ಎತ್ತಿ ಬೇರೆ ಡಬ್ಬಿಗೆ ಹಾಕುವ ಅವರ ವೇಗ ನನಗೆ ಇಂದಿಗೂ ಬಂದಿಲ್ಲ. ಅನುಮಾನ ಬಂದ ಕಾಳು ಹಿಂಡಿಗೂ ಹೋಗಬಾರದು, ಅದನ್ನು ದನ ತಿನ್ನುತ್ತದೆ ಎಂದು ಪಟ್ಟು ಹಿಡಿದವರು ಅವರೇ. ಎಣ್ಣೆಯಲ್ಲಿ ದೋಷವಿಲ್ಲವೆಂದು ಪ್ರಯೋಗಾಲಯದ ವರದಿ ಬಂದಾಗ ಅವರ ಮುಖದಲ್ಲಿ ಅಂತಹ ಸಂಭ್ರಮವೇನೂ ಕಾಣಲಿಲ್ಲ. ಇದು ಗೊತ್ತಿದ್ದ ವಿಷಯವೇ ಎಂಬಂತಿದ್ದರು.

ಯಂತ್ರ ಕೆಟ್ಟಾಗ ಹೊತ್ತುಗೊತ್ತು ನೋಡದೆ ಬಂದ ಚಳ್ಳಕೆರೆಯ ಮೆಕ್ಯಾನಿಕ್, ಗೋದಾಮಿನ ಬಾಡಿಗೆ ತಡವಾದರೂ ಸಹಿಸಿಕೊಂಡ ಮನೆಯವರು, ದರ ತುಸು ಹೆಚ್ಚೆಂದು ಗೊಣಗುತ್ತಲೇ ಡಬ್ಬಿ ಕೊಂಡ ಗ್ರಾಹಕರು, ಎಲ್ಲರಿಗೂ ನಾವು ಋಣಿ. ಬ್ಯಾಂಕಿನ ಅಧಿಕಾರಿಗಳಿಗೆ ಕೃತಜ್ಞತೆಯ ಜೊತೆಗೆ ಒಂದು ವಿನಂತಿಯೂ ಇದೆ: ನಮಗೆ ವರ್ಷವಿಡೀ ಬೇಕಾದ ಕಾಯಿಯನ್ನು ಸುಗ್ಗಿಯಲ್ಲೇ ಕೊಳ್ಳಬೇಕಾಗುವುದರಿಂದ, ದುಡಿಯುವ ಬಂಡವಾಳದ ಮಂಜೂರಾತಿ ಅಕ್ಟೋಬರ್ ಒಳಗೆ ಆಗಲಿ. ಸಂಘದ ಇನ್ನಿಬ್ಬರು ಸದಸ್ಯೆಯರು ಶೇಂಗಾ ಚಟ್ನಿಪುಡಿ ಮತ್ತು ಚಿಕ್ಕಿ ಘಟಕಗಳಿಗೆ ಅರ್ಜಿ ಸಿದ್ಧಪಡಿಸುತ್ತಿದ್ದು, ಅವರಿಗೂ ಇದೇ ತೊಡಕು ಎದುರಾಗಲಿದೆ.