ಬಿದ್ದ ಮರವೆಲ್ಲ ಸೌದೆಯಾಗಬೇಕಿಲ್ಲ

ಮಾನ್ಯ ಸಂಪಾದಕರೇ,

ಮೇ ತಿಂಗಳ ಗಾಳಿಮಳೆಗೆ ಮೈಸೂರಿನ ನಮ್ಮ ಬೀದಿಯಲ್ಲಿ ಉರುಳಿದ ಮಳೆಮರವೊಂದನ್ನು ಅಂದು ಸಂಜೆಯೊಳಗೆ ಮೂರು ಮೂರು ಅಡಿಯ ತುಂಡುಗಳಾಗಿ ಕಡಿದು ಲಾರಿಗೆ ಹೇರಿದರು. ರಸ್ತೆ ಬೇಗ ತೆರವಾಗಬೇಕಾದ್ದು ಸರಿಯೇ. ಆದರೆ ಇಬ್ಬರು ತಬ್ಬಿದರೂ ಕೈಗೆ ಕೈ ಸಿಗದಷ್ಟು ದಪ್ಪದ ಆ ಕಾಂಡವು ತೂಕದ ಲೆಕ್ಕದಲ್ಲಿ ಸೌದೆಗೆ ಹೋಯಿತೆಂದು ತಿಳಿದಾಗ, ಹಲವು ವರ್ಷ ಮರಗೆಲಸ ಕಲಿಸಿದ ನನಗೆ ಜಾರ್ಜ್ ನಾಕಾಶಿಮಾ ನೆನಪಾದರು.

ಅಮೆರಿಕದ ಸ್ಪೋಕೇನ್‌ನಲ್ಲಿ 1905ರಲ್ಲಿ ಜಪಾನಿ ದಂಪತಿಗೆ ಹುಟ್ಟಿದ ಈ ಬಡಗಿ ನಮಗೆ ತೀರ ಹೊರಗಿನವರಲ್ಲ. ವಾಸ್ತುಶಿಲ್ಪ ಓದಿದ್ದ ಅವರು 1930ರ ದಶಕದ ಕೊನೆಯಲ್ಲಿ ಪುದುಚೇರಿಗೆ ಬಂದು ಅರವಿಂದಾಶ್ರಮದ ಗೋಲ್ಕೊಂಡ ವಸತಿಗೃಹದ ನಿರ್ಮಾಣದಲ್ಲಿ ದುಡಿದರು, ಆಶ್ರಮವಾಸಿಯೂ ಆಗಿ ಸುಂದರಾನಂದ ಎಂಬ ಹೆಸರು ಪಡೆದರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರವು ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಬಂಧನ ಶಿಬಿರಗಳಿಗೆ ಅಟ್ಟಿದಾಗ, 1942ರಲ್ಲಿ ಇಡಾಹೊದ ಮಿನಿಡೋಕಾ ಶಿಬಿರದಲ್ಲಿ ಗೆಂಟಾರೊ ಹಿಕೊಗಾವಾ ಎಂಬ ಸಾಂಪ್ರದಾಯಿಕ ಬಡಗಿಯ ಜೊತೆ ಕೆಲಸ ಮಾಡುತ್ತ ಜಪಾನಿ ಮರಗೆಲಸದ ಪಟ್ಟುಗಳನ್ನು ಕಲಿತರು. ಬಿಡುಗಡೆಯಾದ ಮೇಲೆ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನಲ್ಲಿ ನೆಲೆಸಿ, 1990ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಪೀಠೋಪಕರಣ ಮಾಡಿದರು.

ಅವರ ಮೇಜುಗಳನ್ನು ಶಿಲ್ಪವೆಂದು ಕರೆಯುವುದು ಮೇಲೆ ಕೆತ್ತನೆ ಇರುವುದರಿಂದಲ್ಲ. ಕೆತ್ತನೆ ಅಲ್ಲಿ ಇಲ್ಲವೇ ಇಲ್ಲ. ದಿಮ್ಮಿಯನ್ನು ಉದ್ದಕ್ಕೂ ಇಡಿಯಾಗಿ ಸೀಳಿಸಿ, ಸೀಳಿದ ಕ್ರಮದಲ್ಲೇ ಹಲಗೆಗಳನ್ನು ವರ್ಷಗಟ್ಟಲೆ ಒಣಗಲು ಬಿಟ್ಟು, ಯಾವ ಹಲಗೆ ಏನಾಗಬಹುದೆಂದು ನೋಡುತ್ತ ಕಾಯುವುದೇ ಅವರ ಕೆಲಸದ ಅರ್ಧ ಭಾಗವಾಗಿತ್ತು. ತೊಗಟೆಯ ಅಂಚಿನ ಅಂಕುಡೊಂಕನ್ನು ಅವರು ನೇರ ಮಾಡುತ್ತಿರಲಿಲ್ಲ. ನಮ್ಮ ಆಚಾರಿಗಳು ಬಿರುಕು ಬಿಟ್ಟ ಹಲಗೆಯನ್ನು ಪಕ್ಕಕ್ಕೆಸೆದರೆ, ಅವರು ಆ ಬಿರುಕಿಗೆ ಅಡ್ಡಲಾಗಿ ಡಮರುಗದಂತೆ ನಡು ಸಣ್ಣಗಿರುವ ಗಟ್ಟಿಮರದ ಬಿಲ್ಲೆಗಳನ್ನು ಕೂರಿಸಿ, ಬಿರುಕು ಮುಂದುವರಿಯದಂತೆ ತಡೆದು, ಅದನ್ನು ಎಲ್ಲರಿಗೂ ಕಾಣುವಂತೆಯೇ ಬಿಡುತ್ತಿದ್ದರು. ಇಂದು ಅಂಗಡಿಗಳಲ್ಲಿ ಇದೇ ಬಿರುಕಿಗೆ ನೀಲಿ ರಾಳ ಸುರಿದು ‘ನದಿ ಮೇಜು’ ಎಂದು ಮಾರುತ್ತಾರೆ. ಮರದ ಮೇಲೆ ಅಷ್ಟೊಂದು ಪ್ಲಾಸ್ಟಿಕ್ ಹುಯ್ಯುವುದು ನನಗಂತೂ ಹಿಡಿಸದು.

ಅಂಥ ಕೆಲಸಕ್ಕೆ ಮೊದಲು ಬೇಕಾದ್ದು ಅಗಲವಾದ ಇಡೀ ಹಲಗೆ. ಕಾಂಡವನ್ನು ಮೂರು ಅಡಿಗೆ ತುಂಡರಿಸಿದ ಕ್ಷಣವೇ ಊಟದ ಮೇಜು, ಮಂಚ, ಬಾಗಿಲು ಯಾವುದೂ ಅದರಿಂದ ಆಗದು. ಎಂಟು ಅಡಿ ಉದ್ದ ಉಳಿಸಿ ಕಡಿಯುವುದು, ತೇವ ಒಮ್ಮೆಲೇ ಹೋಗಿ ಸೀಳದಂತೆ ಎರಡು ತುದಿಗೂ ಬಣ್ಣ ಬಳಿಯುವುದು, ಸೀಳಿದ ಹಲಗೆಗಳ ನಡುವೆ ಗಾಳಿಯಾಡಲು ಪಟ್ಟಿ ಇಟ್ಟು ನೆರಳಿನಲ್ಲಿ ಒಟ್ಟುವುದು, ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಬಿಡುವುದು, ಇಷ್ಟಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಬೀದಿ ಮರದೊಳಗೆ ಹಳೆಯ ಮೊಳೆಗಳಿದ್ದು ಗರಗಸದ ಹಲ್ಲು ಮುರಿಯುತ್ತದೆ ಎಂಬ ಸಾಮಿಲ್‌ನವರ ದೂರು ನಿಜವಾದರೂ, ಕೈಯಲ್ಲಿ ಹಿಡಿಯುವ ಲೋಹಶೋಧಕವೊಂದರಿಂದ ಮೊಳೆಯ ಜಾಗ ಪತ್ತೆಯಾಗುತ್ತದೆ. ಎಲ್ಲ ಮರಗಳೂ ಯೋಗ್ಯವೆಂದು ನಾನು ಹೇಳುತ್ತಿಲ್ಲ. ಗುಲ್‌ಮೊಹರ್ ಸೌದೆಗೇ ಹೋಗಲಿ. ಮಳೆಮರ, ಮಹಾಗನಿ, ಹಲಸು ಹೋಗಬಾರದು.

ಕುಶಲಕರ್ಮಿಗಳ ಕೊರತೆ ಇಲ್ಲಿಲ್ಲ. ಭೌಗೋಳಿಕ ಸೂಚಿಕೆ ಪಡೆದ ಬೀಟೆಮರದ ಕುಸುರಿ ಕೆಲಸದ ಊರಿದು. ನಾಕಾಶಿಮಾ ಸ್ವತಃ 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು, ಅಲ್ಲಿ ತಯಾರಾಗುವಂಥ ಪೀಠೋಪಕರಣಗಳನ್ನು ವಿನ್ಯಾಸ ಮಾಡಿದ್ದರು. ಶಾಂತಿಗಾಗಿ ಅವರು ಕಲ್ಪಿಸಿದ ಬೃಹತ್ ವಾಲ್‌ನಟ್ ಮೇಜುಗಳಲ್ಲಿ ಒಂದು ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಚರ್ಚಿನಲ್ಲಿದ್ದರೆ, ಇನ್ನೊಂದು ಪುದುಚೇರಿ ಬಳಿಯ ಆರೋವಿಲ್‌ನಲ್ಲಿದೆ. ಸಂಬಂಧಪಟ್ಟ ಅಧಿಕಾರಿಗಳು ಒಮ್ಮೆ ಅಲ್ಲಿಗೆ ಹೋಗಿ ನೋಡಿಬಂದು, ಮುಂದಿನ ಮಳೆಗಾಲದೊಳಗೆ ನಗರದಲ್ಲಿ ಬಿದ್ದ ಮರಗಳನ್ನು ಸೀಳಿ ಒಣಗಿಸುವ ಒಂದಾದರೂ ಅಂಗಳ ತೆರೆದು, ಒಣಗಿದ ಹಲಗೆಗಳನ್ನು ಟನ್ ಲೆಕ್ಕದಲ್ಲಲ್ಲದೆ ಹಲಗೆಯ ಲೆಕ್ಕದಲ್ಲಿ ಸ್ಥಳೀಯ ಬಡಗಿಗಳಿಗೆ ಹರಾಜು ಹಾಕಬೇಕೆಂದು ಕೋರುತ್ತೇನೆ.

— ನಿವೃತ್ತ ಮರಗೆಲಸ ಶಿಕ್ಷಕ, ಮೈಸೂರು