ಪಿನ್ನು ಕೊಟ್ಟ ಅಮ್ಮನಿಗೆ

ಸೋಮವಾರ ಬೆಳಿಗ್ಗೆ ಬನಶಂಕರಿಯಿಂದ ಮಾರ್ಕೆಟ್ ಕಡೆ ಹೊರಟ ಬಸ್ಸಿನಲ್ಲಿ ಖಾಲಿ ಹೂವಿನ ಬುಟ್ಟಿ ಹಿಡಿದು ಕೂತಿದ್ದ ಅಮ್ಮಾ, ಇದು ನಿಮಗೆ.

ಅಪರೂಪಕ್ಕೆ ಸೀರೆ ಉಟ್ಟಿದ್ದೆ. ಬಸ್ಸು ಹತ್ತುವಾಗ ನನ್ನ ನೆರಿಗೆಯನ್ನು ನಾನೇ ತುಳಿದೆ. ಅಷ್ಟೂ ಕಳಚಿಕೊಂಡಿತು! ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಸೀರೆಯ ಮುದ್ದೆ. ಕಂಡಕ್ಟರ್ ಬೇರೆ ಆಧಾರ್ ತೋರಿಸಿ ಅಂದರು. ಶಕ್ತಿ ಯೋಜನೆಯ ಟಿಕೆಟ್‌ಗೆ ಮೂರನೇ ಕೈ ಎಲ್ಲಿಂದ ತರಲಿ?

ನೀವು ಬುಟ್ಟಿ ಕೆಳಗಿಟ್ಟು ಎದ್ದಿರಿ. ನನ್ನನ್ನು ಕಿಟಕಿ ಕಡೆ ತಿರುಗಿಸಿ, ನಿಮ್ಮ ಸೆರಗನ್ನೇ ಮರೆ ಹಿಡಿದಿರಿ. ತಾಳಿ ಸರದಲ್ಲಿ ನೇತಾಡುತ್ತಿದ್ದ ಪಿನ್ನುಗಳಲ್ಲಿ ದೊಡ್ಡದನ್ನೇ ಬಿಚ್ಚಿ ಕೊಟ್ಟು, “ಹೊಟ್ಟೆ ಒಳಗೆ ಎಳ್ಕೋ ಮಗಾ, ಉಸಿರು ಆಮೇಲೆ ಬಿಡೀವಂತೆ” ಅಂದಿರಿ. ಅಳು ಬರುತ್ತಿದ್ದವಳು ನಕ್ಕುಬಿಟ್ಟೆ.

ತುಂಬಾ ಥ್ಯಾಂಕ್ಸ್ ಅಮ್ಮಾ. ಅವತ್ತು ಹೇಳುವಷ್ಟರಲ್ಲಿ ನೀವು ಇಳಿದುಬಿಟ್ಟಿರಿ. ಪಿನ್ನು ನನ್ನ ಬ್ಯಾಗಿನಲ್ಲೇ ಇದೆ.